ಬೈಪಾಸ್ ಆದ ಹೃದಯಕ್ಕೆ ಯಾವ ಕಡೆಯಿಂದ ಹೋಗುವುದು: ಎಡಗೈ, ತೊಡೆಸಂದು ಮತ್ತು ಕಳೆದುಹೋಗಿದ್ದ ಒಂದು ಆಪರೇಷನ್ ನೋಟ್

ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರು, ವಯಸ್ಸು 68, ಮೂರು ವಾರಗಳಿಂದ ತೋಟದ ಏರು ಹತ್ತುವಾಗ ಎದೆ ಹಿಡಿದಂತಾಗುತ್ತಿದೆಯೆಂದೂ ಹಿಂದಿನ ರಾತ್ರಿ ಮಲಗಿದ್ದಲ್ಲೇ ಇಪ್ಪತ್ತು ನಿಮಿಷ ನೋವು ಕಾಣಿಸಿಕೊಂಡಿತೆಂದೂ ಹೇಳಿ ಕರಾವಳಿಯ ಬೋಧನಾ ಆಸ್ಪತ್ರೆಯೊಂದರಲ್ಲಿ ದಾಖಲಾದರು. 14 ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ಅವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿತ್ತು. ಸಕ್ಕರೆ ಕಾಯಿಲೆ ಇಪ್ಪತ್ತು ವರ್ಷ ಹಳೆಯದು. ಹೃದಯದ ಬಡಿತ ಲಯ ತಪ್ಪಿದ್ದರಿಂದ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದುದರಿಂದ, ನಾಲ್ಕು ವರ್ಷಗಳಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿನೊಕೌಮರಾಲ್ ಮಾತ್ರೆ ನಡೆಯುತ್ತಿತ್ತು. ಇಸಿಜಿಯಲ್ಲಿ ಎಸ್‌ಟಿ ಭಾಗ ಇಳಿದಿತ್ತು (ಹೃದಯಕ್ಕೆ ರಕ್ತ ಸಾಲದಿರುವ ಸೂಚನೆ), ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಏರಿತ್ತು, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತದೆಂಬುದರ ಅಳತೆಯಾದ ಐಎನ್‌ಆರ್ 2.4 ಇತ್ತು, ಮೂತ್ರಪಿಂಡಗಳ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.8 ಇತ್ತು, ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿತ್ತು. ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡಗಳ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, ಸುಮಾರು 40ಕ್ಕೆ ಇಳಿದಿತ್ತು.

ಇಲ್ಲಿ ವಿವರಿಸುತ್ತಿರುವ ರೋಗಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ; ಆಂಜಿಯೋಗ್ರಾಮ್ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಬೋಧನೆಗಾಗಿ ಒಬ್ಬರಲ್ಲೇ ಕೂಡಿಸಿ, ಅಳತೆಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಲಾಗಿದೆ. ಅಧ್ಯಯನಗಳಿಂದ ಉಲ್ಲೇಖಿಸಿರುವ ಅಂಕಿಗಳು ಮಾತ್ರ ಪ್ರಕಟವಾದಂತೆಯೇ ಇವೆ.

ಆಂಜಿಯೋಗ್ರಾಮ್, ಅಂದರೆ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಹೃದಯದ ನಾಳಗಳವರೆಗೆ ಒಯ್ದು ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ನೋಡುವ ಪರೀಕ್ಷೆ, ಬೇಕೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಕಿರಿಯ ವೈದ್ಯರು ಕೇಸ್ ಶೀಟಿನಲ್ಲಿ ‘ಬಲ ರೇಡಿಯಲ್’, ಅಂದರೆ ಬಲ ಮಣಿಕಟ್ಟಿನ ದಾರಿ, ಎಂದು ಆಗಲೇ ಬರೆದಿದ್ದರು. ಬರೆದದ್ದಕ್ಕೆ ಕಾರಣ ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ, ಅಭ್ಯಾಸವಿತ್ತು. ಆ ಅಭ್ಯಾಸವೇನೂ ಅಡ್ಡಹಾದಿಯಿಂದ ಬಂದದ್ದಲ್ಲ. 1989ರಲ್ಲಿ ಮಾಂಟ್ರಿಯಲ್‌ನ ಲೂಸಿಯೆನ್ ಕಾಂಪೋ ನೂರು ರೋಗಿಗಳಲ್ಲಿ ಮಣಿಕಟ್ಟಿನ ರೇಡಿಯಲ್ ಅಪಧಮನಿಯ ಮೂಲಕ ಆಂಜಿಯೋಗ್ರಾಮ್ ಮಾಡಬಹುದೆಂದು ತೋರಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಫರ್ಡಿನಾಂಡ್ ಕೀಮೆನೈ ಅದೇ ದಾರಿಯಿಂದ ಸ್ಟೆಂಟ್ ಹಾಕಿದರು. 2015ರಲ್ಲಿ ಪ್ರಕಟವಾದ ಮ್ಯಾಟ್ರಿಕ್ಸ್ ಅಧ್ಯಯನವು ಹೃದಯಾಘಾತದಂಥ ತುರ್ತು ಸ್ಥಿತಿಯ 8,404 ರೋಗಿಗಳನ್ನು ಗಮನಿಸಿ, ತೊಡೆಸಂದಿನ ಫೆಮೊರಲ್ ದಾರಿಗಿಂತ ಮಣಿಕಟ್ಟಿನ ದಾರಿಯಲ್ಲಿ ರಕ್ತಸ್ರಾವವೂ ಸಾವೂ ಕಡಿಮೆಯೆಂದು ಕಂಡುಕೊಂಡ ಮೇಲೆ ಮಣಿಕಟ್ಟು ಮೊದಲ ಆಯ್ಕೆಯಾಯಿತು. ವೈದ್ಯರು ರೋಗಿಯ ಬಲಗಡೆ ನಿಂತು ಕೆಲಸ ಮಾಡುವುದರಿಂದ ಬಲ ಮಣಿಕಟ್ಟೇ ರೂಢಿಯಾಯಿತು. ಆದರೆ ಬೈಪಾಸ್ ಆದವರಲ್ಲಿ ನೋಡಬೇಕಾದ ರಕ್ತನಾಳಗಳೇ ಬೇರೆ. ಅವು ಹುಟ್ಟುವ ಜಾಗವೂ ಬೇರೆ.

ಸಾಮಾನ್ಯ ಆಂಜಿಯೋಗ್ರಾಮ್‌ನಲ್ಲಿ ಮಹಾಪಧಮನಿಯ ಬುಡದಲ್ಲಿರುವ ಎರಡು ಕವಲುಗಳನ್ನು ತೋರಿಸಿದರೆ ಕೆಲಸ ಮುಗಿಯುತ್ತದೆ. ಬೈಪಾಸ್ ಆದವರಲ್ಲಿ ಆ ಎರಡರ ಜೊತೆಗೆ ಶಸ್ತ್ರಚಿಕಿತ್ಸಕರು ಜೋಡಿಸಿದ ಪ್ರತಿಯೊಂದು ಗ್ರಾಫ್ಟನ್ನೂ, ಅಂದರೆ ಅಡಚಣೆಯನ್ನು ಬಳಸಿ ರಕ್ತ ಒಯ್ಯಲು ಹಾಕಿದ ಬದಲಿ ನಾಳವನ್ನೂ, ಹುಡುಕಿ, ಅದರ ಬಾಯಿಗೆ ಕ್ಯಾಥೆಟರ್ ಕೂರಿಸಿ, ಡೈ ಬಿಡಬೇಕು. ಕಾಲಿನಿಂದ ತೆಗೆದ ವೇನ್ (ಅಭಿಧಮನಿ) ಗ್ರಾಫ್ಟುಗಳನ್ನು ಏರು ಮಹಾಪಧಮನಿಯ ಮುಂಗೋಡೆಗೆ ಹೊಲಿದಿರುತ್ತಾರೆ. ಸಾಮಾನ್ಯವಾಗಿ ಹೃದಯದ ಬಲಭಾಗಕ್ಕೆ ಹೋಗುವ ಗ್ರಾಫ್ಟ್ ಕೆಳಗೆ ಬಲಗಡೆಗೂ, ಎಡಭಾಗಕ್ಕೆ ಹೋಗುವವು ಅದಕ್ಕಿಂತ ಮೇಲೆ ಎಡಗಡೆಗೂ ಇರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಲೀಮಾ, ಅಂದರೆ ಎದೆಯೊಳಗಿನ ಎಡ ಮ್ಯಾಮರಿ ಅಪಧಮನಿ. ಹೃದಯದ ಮುಂಭಾಗದ ದೊಡ್ಡ ರಕ್ತನಾಳವಾದ ಎಲ್‌ಎಡಿಗೆ ಇದನ್ನು ಜೋಡಿಸಿದರೆ ಹತ್ತು ವರ್ಷಗಳ ಬಳಿಕವೂ ನೂರರಲ್ಲಿ ತೊಂಬತ್ತರಷ್ಟು ಗ್ರಾಫ್ಟುಗಳು ತೆರೆದೇ ಇರುತ್ತವೆ. ವೇನ್ ಗ್ರಾಫ್ಟುಗಳಿಗೆ ಅಷ್ಟು ಆಯಸ್ಸಿಲ್ಲ. ಈ ಲೀಮಾ ಹುಟ್ಟುವುದು ಎಡಗೈಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಅಪಧಮನಿಯಿಂದ. ಆದ್ದರಿಂದ ಎಡ ಮಣಿಕಟ್ಟಿನಿಂದ ಹೊರಟ ಕ್ಯಾಥೆಟರ್ ಲೀಮಾದ ಬಾಗಿಲ ಮುಂದೆಯೇ ಹಾದುಹೋಗುತ್ತದೆ. ಬಲ ಮಣಿಕಟ್ಟಿನಿಂದ ಹೊರಟದ್ದು ಮಹಾಪಧಮನಿಯ ಕಮಾನಿಗೆ ಇಳಿದು, ಅಲ್ಲಿ ತಿರುಗಿ, ಮಿದುಳಿಗೆ ಹೋಗುವ ನಾಳಗಳ ಬಾಯನ್ನು ದಾಟಿ, ಎಡ ಸಬ್‌ಕ್ಲೇವಿಯನ್‌ಗೆ ಮತ್ತೆ ಹತ್ತಬೇಕು. ಕೈ ಪಳಗಿದವರು ಇದನ್ನೂ ಮಾಡುತ್ತಾರೆ. ಆದರೆ ಕಮಾನಿನ ಗೋಡೆಯಲ್ಲಿ ಸುಣ್ಣ ಕಟ್ಟಿರುವ 68ರ ಮಧುಮೇಹಿಯಲ್ಲಿ ಹಾಗೆ ತಡಕಾಡುವುದು ಪಾರ್ಶ್ವವಾಯುವಿಗೆ ಆಹ್ವಾನ ಕೊಟ್ಟಂತೆ.

ಹಾಗಾದರೆ ಎಡ ಮಣಿಕಟ್ಟೇ ಸರಿಯೆಂದು ಇಲ್ಲಿಗೇ ತೀರ್ಮಾನಿಸಿಬಿಡಬಹುದೇ? ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ರೇಡಿಯಲ್-ಸಿಎಬಿಜಿ’ ಎಂಬ ಚಿಕ್ಕ ಅಧ್ಯಯನ ಸ್ವಲ್ಪ ತಡೆದು ಯೋಚಿಸುವಂತೆ ಮಾಡುತ್ತದೆ. ಬೈಪಾಸ್ ಆಗಿದ್ದ 128 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದಾಗ, ಆಂಜಿಯೋಗ್ರಾಮ್‌ಗೆ ತೊಡೆಸಂದಿನಿಂದ ಸರಾಸರಿ 142 ಮಿಲಿ ಡೈ ಸಾಕಾದರೆ ಮಣಿಕಟ್ಟಿನಿಂದ 171 ಮಿಲಿ ಬೇಕಾಯಿತು. ಸಮಯ 22 ನಿಮಿಷದಿಂದ 34ಕ್ಕೆ ಏರಿತು. ಮಣಿಕಟ್ಟಿನ ಗುಂಪಿನಲ್ಲಿ ಶೇ. 17ರಷ್ಟು ಮಂದಿಯಲ್ಲಿ ಅರ್ಧದಲ್ಲೇ ದಾರಿ ಬದಲಿಸಬೇಕಾಯಿತು, ತೊಡೆಸಂದಿನ ಗುಂಪಿನಲ್ಲಿ ಒಬ್ಬರಲ್ಲೂ ಬದಲಿಸಬೇಕಾಗಲಿಲ್ಲ. ಮೂತ್ರಪಿಂಡ ಸೋತಿರುವ ರೋಗಿಯ ಮಟ್ಟಿಗೆ ಹೆಚ್ಚುವರಿ 29 ಮಿಲಿ ಡೈ ಸಣ್ಣ ಮಾತಲ್ಲ. ಅಧ್ಯಯನ ಚಿಕ್ಕದು, ಅಂದಿನ ಕೈಚಳಕಕ್ಕೂ ಇಂದಿನದಕ್ಕೂ ವ್ಯತ್ಯಾಸವಿದೆ ಎಂಬ ಆಕ್ಷೇಪಗಳನ್ನು ಒಪ್ಪಿಕೊಂಡರೂ ಅದು ಎತ್ತಿದ ಪ್ರಶ್ನೆ ಉಳಿಯುತ್ತದೆ.

ರೋಗಿಯ ಹಾಸಿಗೆಯ ಪಕ್ಕಕ್ಕೆ ಹೋಗಿ ಮೊದಲು ನೋಡಿದ್ದು ಗಾಯದ ಗುರುತುಗಳನ್ನು. ಎದೆಯ ನಡುವೆ ಉದ್ದ ಗೆರೆ. ಬಲಗಾಲಿನ ಒಳಬದಿಯಲ್ಲಿ ಪಾದದ ಗಂಟಿನಿಂದ ಮಂಡಿಯ ಮೇಲಿನವರೆಗೆ ಇನ್ನೊಂದು ಗೆರೆ, ಅಂದರೆ ವೇನ್ ತೆಗೆದಿದ್ದಾರೆ. ಎರಡೂ ಮುಂಗೈಗಳಲ್ಲಿ ಗೆರೆಯಿಲ್ಲ. ಇದನ್ನು ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ, ಆದರೆ ನೋಡದೆ ಹೋದರೆ ಪೇಚಿಗೆ ಸಿಕ್ಕಿಕೊಳ್ಳಬಹುದು: ಕೆಲವು ಶಸ್ತ್ರಚಿಕಿತ್ಸಕರು ಎಡ ಮುಂಗೈಯ ರೇಡಿಯಲ್ ಅಪಧಮನಿಯನ್ನೇ ಗ್ರಾಫ್ಟಾಗಿ ಬಳಸಿರುತ್ತಾರೆ. ಅಂಥವರ ಆ ಅಂಗೈಗೆ ಮುಂಗೈಯ ಇನ್ನೊಂದು ಬದಿಯ ಅಲ್ನಾರ್ ಅಪಧಮನಿಯೊಂದೇ ಆಧಾರವಾಗಿರುವುದರಿಂದ, ರೇಡಿಯಲ್ ಸಿಗಲಿಲ್ಲವೆಂದು ಅದೇ ಕೈಯ ಅಲ್ನಾರ್‌ಗೆ ಸೂಜಿ ಹಾಕಲು ಹೊರಡುವುದು ಕೈಯನ್ನೇ ಪಣಕ್ಕಿಟ್ಟಂತಾಗುತ್ತದೆ.

ಎರಡನೆಯದು ಎರಡೂ ತೋಳಿನ ರಕ್ತದೊತ್ತಡ. ಬಲದಲ್ಲಿ 138, ಎಡದಲ್ಲಿ 134. ಎಡಗೈಯ ಒತ್ತಡ ಹದಿನೈದು ಇಪ್ಪತ್ತರಷ್ಟು ಕಡಿಮೆಯಿದ್ದಿದ್ದರೆ ಎಡ ಸಬ್‌ಕ್ಲೇವಿಯನ್ ಕಿರಿದಾಗಿದೆಯೆಂಬ ಅನುಮಾನ ಬರುತ್ತಿತ್ತು. ಆಗ ಎದೆನೋವಿನ ಕಾರಣವೇ ಬೇರೆಯಾಗಿರಬಹುದಿತ್ತು. ಎಡಗೈ ಕೆಲಸ ಮಾಡುವಾಗ ಲೀಮಾದಲ್ಲಿ ರಕ್ತ ಹಿಮ್ಮುಖವಾಗಿ ಹರಿದು ಹೃದಯದ ಪಾಲನ್ನು ತೋಳು ಕಸಿದುಕೊಳ್ಳುವ ಸ್ಥಿತಿ ಅಪರೂಪವಾದರೂ ಉಂಟು. ಈ ರೋಗಿಯಲ್ಲಿ ಅದರ ಸುಳಿವಿರಲಿಲ್ಲ.

ಮೂರನೆಯದೇ ನಮ್ಮ ಯೋಜನೆಯನ್ನು ಬುಡಮೇಲು ಮಾಡಿದ್ದು. ಬಲ ಮಣಿಕಟ್ಟಿನಲ್ಲಿ ನಾಡಿ ಬೆರಳಿಗೆ ಸಿಗುತ್ತಿತ್ತು, ಸ್ವಲ್ಪ ಕ್ಷೀಣವಾಗಿ. ಬೈಪಾಸಿಗೆ ಮೊದಲು ಆಂಜಿಯೋಗ್ರಾಮ್ ಆ ಕೈಯಿಂದಲೇ ಆಗಿತ್ತೆಂದು ರೋಗಿಯೇ ನೆನಪಿಸಿಕೊಂಡರು. ಹೆಬ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಅಲ್ನಾರ್ ಅಪಧಮನಿಯನ್ನು ಒತ್ತಿ ಹಿಡಿದಾಗ ಪರದೆಯ ಮೇಲಿನ ಅಲೆ ಪೂರ್ತಿ ಮಲಗಿತು. ಅಂದರೆ ರೇಡಿಯಲ್ ಎಂದೋ ಮುಚ್ಚಿಹೋಗಿದೆ. ಬೆರಳಿಗೆ ಸಿಗುತ್ತಿದ್ದದ್ದು ಅಂಗೈಯ ಕಮಾನಿನ ಮೂಲಕ ಅಲ್ನಾರ್‌ನಿಂದ ಹಿಂದಕ್ಕೆ ಬರುತ್ತಿದ್ದ ಎರವಲು ನಾಡಿ. ಕೇಸ್ ಶೀಟಿನಲ್ಲಿ ಬರೆದಿದ್ದ ‘ಬಲ ರೇಡಿಯಲ್’ ವಾಸ್ತವದಲ್ಲಿ ಇರಲೇ ಇಲ್ಲ. ನಾಡಿ ಮುಟ್ಟಿ ನೋಡಿದರೆ ಸಾಕು ಎಂಬ ನಂಬಿಕೆ ಎಷ್ಟು ಮೋಸ ಮಾಡಬಲ್ಲದೆಂದು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕೈ ಸಿಗಲಾರದು. ಎಡಗೈಯಲ್ಲಿ ಅದೇ ಪರೀಕ್ಷೆ ಮಾಡಿದಾಗ ಎರಡೂ ಅಪಧಮನಿಗಳು ಚೆನ್ನಾಗಿದ್ದವು.

ತೊಡೆಸಂದಿನಲ್ಲಿ ಬಲ ನಾಡಿ ದುರ್ಬಲವಾಗಿತ್ತು, ಸ್ಟೆತಸ್ಕೋಪ್ ಇಟ್ಟರೆ ನಾಳ ಕಿರಿದಾಗಿದೆಯೆಂದು ಸೂಚಿಸುವ ಸದ್ದು ಕೇಳುತ್ತಿತ್ತು. ನಡೆದರೆ ಬಲ ಮೀನಖಂಡ ನೋಯುತ್ತದೆಂದು ಅವರು ಹೇಳಿದ್ದು ಅದಕ್ಕೆ ಹೊಂದುತ್ತಿತ್ತು. ಎಡ ನಾಡಿ ಗಟ್ಟಿಯಾಗಿತ್ತು.

ಇನ್ನು ಉಳಿದದ್ದು ಬೈಪಾಸಿನ ಕಾಗದಪತ್ರ. ‘ಮೂರು ಹಾಕಿದ್ದಾರೆ ಅಂತ ಹೇಳಿದ್ರು ಡಾಕ್ಟ್ರೇ, ಫೈಲು ಮನೆ ರಿಪೇರಿ ಮಾಡುವಾಗ ಎಲ್ಲಿ ಹೋಯ್ತೋ’ ಎಂದರು ಮಗ. ನಮ್ಮಲ್ಲಿ ಇದು ದಿನನಿತ್ಯದ ಕಥೆ. ಮೂರು ಗ್ರಾಫ್ಟ್ ಎಂದರೆ ಯಾವ ಮೂರು, ಎಲ್ಲಿಂದ ಎಲ್ಲಿಗೆ ಎಂಬುದು ತಿಳಿಯದೆ ಕ್ಯಾಥ್ ಲ್ಯಾಬಿಗೆ ಇಳಿದರೆ ಹುಡುಕಾಟಕ್ಕೆ ಕೊನೆಯೇ ಇರುವುದಿಲ್ಲ. ಒಂದು ಗ್ರಾಫ್ಟ್ ಸಿಗದಿದ್ದಾಗ ಅದು ಮುಚ್ಚಿಹೋಗಿದೆಯೋ, ನಾವೇ ತಪ್ಪಿಸಿಕೊಂಡೆವೋ, ಅಥವಾ ಅದು ಹಾಕಿಯೇ ಇರಲಿಲ್ಲವೋ ಎಂದು ಗೊತ್ತಾಗದೆ ಡೈ ಮೇಲೆ ಡೈ ಬಿಡುತ್ತ ಹೋಗುತ್ತೇವೆ. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಕಾಗದ ಅದೊಂದೇ. ರೋಗಿಗೆ ನೋವು ನಿಂತಿತ್ತು, ರಕ್ತದೊತ್ತಡ ಸ್ಥಿರವಾಗಿತ್ತು. ಆದ್ದರಿಂದ ಒಂದು ರಾತ್ರಿ ಕಾಯಲು ಅಡ್ಡಿಯಿರಲಿಲ್ಲ. ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಫೋನ್ ಮಾಡಿ, ರೋಗಿಯ ಹೆಸರು, ವರ್ಷ, ತಿಂಗಳು ಕೊಟ್ಟೆವು. ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹಳದಿಯಾದ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಬಂತು: ಲೀಮಾದಿಂದ ಎಲ್‌ಎಡಿಗೆ, ಒಂದು ವೇನ್ ಗ್ರಾಫ್ಟ್ ಹೃದಯದ ಎಡಬದಿಯ ಮಾರ್ಜಿನಲ್ ಶಾಖೆಗೆ, ಇನ್ನೊಂದು ಹಿಂಬದಿಯ ಪಿಡಿಎ ಶಾಖೆಗೆ. ಬಲ ಮ್ಯಾಮರಿಯನ್ನು ಮುಟ್ಟಿರಲಿಲ್ಲ.

ಬೈಪಾಸ್ ಆದವರಿಗೆ ಮೊದಲು ಸಿಟಿ ಸ್ಕ್ಯಾನಿನಲ್ಲಿ ಗ್ರಾಫ್ಟುಗಳ ನಕ್ಷೆ ಪಡೆದುಕೊಂಡು ಆಮೇಲೆ ಕ್ಯಾಥೆಟರ್ ಹಾಕುವುದು ಒಳ್ಳೆಯದೆಂಬ ವಾದವೂ ಇದೆ. 688 ರೋಗಿಗಳ ಮೇಲೆ ಬ್ರಿಟನ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಬೈಪಾಸ್-ಸಿಟಿಸಿಎ’ ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ಆಂಜಿಯೋಗ್ರಾಮ್‌ನ ಸಮಯ ತಗ್ಗಿತು, ಡೈನಿಂದ ಮೂತ್ರಪಿಂಡಕ್ಕಾಗುವ ಪೆಟ್ಟೂ ಕಡಿಮೆಯಾಯಿತು. ಆಪರೇಷನ್ ನೋಟ್ ಸಿಗದೆ ಹೋಗಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು. ನೋಟ್ ಕೈಗೆ ಬಂದ ಮೇಲೆ, ಲಯ ತಪ್ಪಿದ ಬಡಿತದಲ್ಲಿ ಸ್ಕ್ಯಾನ್ ಎಷ್ಟು ಸ್ಪಷ್ಟ ಬಂದೀತೆಂಬ ಶಂಕೆಯೂ ಇದ್ದುದರಿಂದ, ಅದನ್ನು ಕೈಬಿಟ್ಟೆವು.

ಈಗ ಆಯ್ಕೆ ಎರಡಕ್ಕೆ ಇಳಿಯಿತು: ಎಡಗೈ ಅಥವಾ ಎಡ ತೊಡೆಸಂದು. ಇಲ್ಲಿ ಮೂತ್ರಪಿಂಡ ತಜ್ಞೆಯನ್ನು ಕರೆಸಿದ್ದು ಔಪಚಾರಿಕತೆಗಲ್ಲ. ಇಜಿಎಫ್‌ಆರ್ 40 ಇರುವವರಿಗೆ ನಾಳೆಯೇ ಡಯಾಲಿಸಿಸ್ ಬೇಕಾಗುವುದಿಲ್ಲ. ಆದರೆ ಆಲ್ಬುಮಿನ್ ಸೋರುತ್ತಿರುವ ಮಧುಮೇಹಿಗೆ ಮುಂದೆಂದೋ ಬೇಕಾಗುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಬೇಕಾದಾಗ ಮುಂಗೈಯ ರೇಡಿಯಲ್ ಅಪಧಮನಿಯನ್ನು ಪಕ್ಕದ ಸೆಫಾಲಿಕ್ ವೇನ್‌ಗೆ ಜೋಡಿಸಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ನ ಸೂಜಿ ಹಾಕುವ ಜಾಗ, ಮಾಡುತ್ತಾರೆ. ಬಲಗೈ ಬಳಸುವವರಿಗೆ ಅದು ಸಾಮಾನ್ಯವಾಗಿ ಎಡಗೈಯಲ್ಲೇ. ಇವರ ಬಲ ರೇಡಿಯಲ್ ಆಗಲೇ ಹೋಗಿದೆ. ಎಡದ್ದೂ ಮುಚ್ಚಿದರೆ ಎರಡೂ ಮಣಿಕಟ್ಟಿನಲ್ಲಿ ಫಿಸ್ಟುಲಾ ಮಾಡುವ ಅವಕಾಶವೇ ಇಲ್ಲವಾಗುತ್ತದೆ. ಇನ್ನೊಂದು ಕಡೆ ಐಎನ್‌ಆರ್ 2.4 ಇರುವಾಗ ತೊಡೆಸಂದಿಗೆ ಸೂಜಿ ಹಾಕಿದರೆ, ತೂತು ಸ್ವಲ್ಪ ಮೇಲಕ್ಕೆ ಬಿದ್ದರೂ ಹೊಟ್ಟೆಯ ಹಿಂಬದಿಗೆ ರಕ್ತ ಸೋರಬಹುದು, ಹೊರಗಿನಿಂದ ಅದು ಕಾಣುವುದೂ ಇಲ್ಲ. ಮಾತ್ರೆ ನಿಲ್ಲಿಸಿ ಐಎನ್‌ಆರ್ ಇಳಿಯುವವರೆಗೆ ಕಾಯೋಣವೆಂದರೆ ಟ್ರೋಪೋನಿನ್ ಏರಿರುವ ರೋಗಿಯಲ್ಲಿ ಮೂರು ನಾಲ್ಕು ದಿನ ಕಾಯ್ದಂತಾಗುತ್ತದೆ.

ನಾವು ಆರಿಸಿಕೊಂಡದ್ದು ಎಡಗೈಯನ್ನೇ, ಆದರೆ ಮಣಿಕಟ್ಟನ್ನಲ್ಲ. ಹೆಬ್ಬೆರಳಿನ ಬುಡದಲ್ಲಿ, ಕೈಯ ಹಿಂಬದಿಗೆ ಬೀಳುವ ಕುಳಿಯನ್ನು. ಹೆಬ್ಬೆರಳು ಮೇಲೆತ್ತಿದಾಗ ಎರಡು ಸ್ನಾಯುರಜ್ಜುಗಳ ನಡುವೆ ಮೂಡುವ ಈ ತಗ್ಗಿಗೆ ಅಂಗರಚನಾಶಾಸ್ತ್ರದಲ್ಲಿ ‘ನಶ್ಯದ ಡಬ್ಬಿ’ ಎಂಬರ್ಥದ ಹೆಸರಿದೆ. ಜಾಗ ತೋರಿಸಿದಾಗ ರೋಗಿಯೂ ‘ಓ, ನಮ್ಮಪ್ಪ ನಶ್ಯ ಹಾಕ್ಕೊಳ್ತಿದ್ದ ಜಾಗ’ ಎಂದರು. ರೇಡಿಯಲ್ ಅಪಧಮನಿ ಅಂಗೈಗೆ ಇಳಿಯುವ ಮೊದಲು ಈ ಕುಳಿಯ ತಳದಲ್ಲಿ ಹಾದುಹೋಗುತ್ತದೆ. ಅಲ್ಲಿಗೆ ತಲುಪುವ ಮೊದಲೇ ಅಂಗೈಗೆ ಒಂದು ಕವಲು ಒಡೆದಿರುವುದರಿಂದ, ಕುಳಿಯಲ್ಲಿ ನಾಳ ಮುಚ್ಚಿದರೂ ಮುಂಗೈಯಲ್ಲಿ ಹರಿವು ಸಾಮಾನ್ಯವಾಗಿ ನಿಲ್ಲುವುದಿಲ್ಲ. 2017ರಲ್ಲಿ ಕೀಮೆನೈ ಅವರೇ ಎಡಗೈಯ ಈ ದಾರಿಯ ಬಗ್ಗೆ ಬರೆದ ಮೇಲೆ ಇದು ಎಲ್ಲೆಡೆ ಹರಡಿತು. 1,307 ರೋಗಿಗಳ ‘ಡಿಸ್ಕೊ ರೇಡಿಯಲ್’ ಅಧ್ಯಯನದಲ್ಲಿ ಮುಂಗೈಯ ರೇಡಿಯಲ್ ಮುಚ್ಚಿದ್ದು ಕುಳಿಯ ಗುಂಪಿನಲ್ಲಿ ಶೇ. 0.31, ಮಣಿಕಟ್ಟಿನ ಗುಂಪಿನಲ್ಲಿ ಶೇ. 0.91, ಈ ವ್ಯತ್ಯಾಸವನ್ನು ನಿರ್ಣಾಯಕವೆನ್ನುವಂತಿಲ್ಲ, ಮತ್ತು ಕುಳಿಯ ದಾರಿ ಕೈಕೊಟ್ಟು ಬೇರೆಡೆಗೆ ಹೋಗಬೇಕಾದದ್ದು ಶೇ. 7.4, ಮಣಿಕಟ್ಟಿನ ಗುಂಪಿನ ಶೇ. 3.5ರ ಎರಡರಷ್ಟು. ಮೂತ್ರಪಿಂಡ ತಜ್ಞೆ ಒಂದು ಮಾತು ನೆನಪಿಸಿದರು: ಅದೇ ಕುಳಿಯಲ್ಲೂ ಫಿಸ್ಟುಲಾ ಮಾಡುವುದುಂಟು, ಆದ್ದರಿಂದ ಇದು ಏನನ್ನೂ ಕಳೆದುಕೊಳ್ಳದ ದಾರಿಯಲ್ಲ. ಮುಂಗೈ ಉಳಿದರೆ ಸಾಕೆಂದು ಒಪ್ಪಿ, ಎಡಗೈಯ ವೇನ್‌ಗಳಿಗೆ ಯಾರೂ ಸೂಜಿ ಚುಚ್ಚಬಾರದೆಂದು ಹಾಸಿಗೆಯ ತಲೆಗೆ ಚೀಟಿ ಅಂಟಿಸಿ ಹೋದರು.

ಲ್ಯಾಬಿನಲ್ಲಿ ಎಡಗೈಯನ್ನು ಹೊಟ್ಟೆಯ ಮೇಲೆ ಅಡ್ಡಲಾಗಿ ಮಲಗಿಸಿ, ಕೆಳಗೆ ದಿಂಬಿಟ್ಟು, ಅಂಗೈ ಬಲ ತೊಡೆಸಂದಿನ ಕಡೆ ಬರುವಂತೆ ಇರಿಸಲಾಯಿತು. ಹೀಗೆ ಮಾಡಿದರೆ ವೈದ್ಯರು ಎಂದಿನ ಬಲಬದಿಯಲ್ಲೇ ನಿಲ್ಲಬಹುದು, ರೋಗಿಯ ಮೇಲೆ ಬಾಗಬೇಕಾಗಿಲ್ಲ. ಅಲ್ಟ್ರಾಸೌಂಡಿನಲ್ಲಿ ಅಪಧಮನಿ 2.3 ಮಿಲಿಮೀಟರ್ ಅಗಲವಿತ್ತು. ಮೊದಲ ಪ್ರಯತ್ನದಲ್ಲೇ ಸೂಜಿ ಕೂತಿತು. 5 ಫ್ರೆಂಚ್ ಅಳತೆಯ ಷೀತ್, ಅಂದರೆ ಕ್ಯಾಥೆಟರ್ ಹಾಯಿಸುವ ಗಿಡ್ಡ ಕೊಳವೆ, ಹಾಕಿ, ನಾಳ ಸೆಡೆತುಕೊಳ್ಳದಂತೆ ನೈಟ್ರೋಗ್ಲಿಸರಿನ್ 200 ಮೈಕ್ರೊಗ್ರಾಂ ಮತ್ತು ವೆರಾಪಮಿಲ್ 2.5 ಮಿಲಿಗ್ರಾಂ ಕೊಡಲಾಯಿತು. ಅಸಿನೊಕೌಮರಾಲ್ ಇದೆಯಲ್ಲ, ಹೆಪ್ಪುಗಟ್ಟದಂತೆ ಮತ್ತೆ ಹೆಪಾರಿನ್ ಚುಚ್ಚುಮದ್ದು ಏಕೆ ಎಂದು ಸಹಾಯಕರು ಕೇಳಿದರು. ಮಾತ್ರೆಯ ಪ್ರಭಾವವೊಂದನ್ನೇ ನೆಚ್ಚಿಕೊಂಡರೆ ರೇಡಿಯಲ್ ಮುಚ್ಚುವುದನ್ನು ತಡೆಯಲಾಗದು. ಈ ಕೈಯಲ್ಲಿ ಆ ಅಪಾಯ ಬೇಡವೆಂದು ಪ್ರಮಾಣ ಇಳಿಸಿ 3,000 ಯೂನಿಟ್ ಹೆಪಾರಿನ್ ಕೊಟ್ಟೆವು.

ಮೊದಲು ಲೀಮಾ. ಅದು ಬಾಗಿಲಲ್ಲೇ ಸಿಕ್ಕಿತು, ಪೂರ್ತಿ ತೆರೆದಿತ್ತು, ಎಲ್‌ಎಡಿಯನ್ನು ತುದಿಯವರೆಗೆ ತುಂಬುತ್ತಿತ್ತು. ಮಾರ್ಜಿನಲ್ ಶಾಖೆಯ ವೇನ್ ಗ್ರಾಫ್ಟಿಗೆ ಜಡ್ಕಿನ್ಸ್ ಬಲ ಕ್ಯಾಥೆಟರ್ ಒಗ್ಗಲಿಲ್ಲ, ಬೇರೆ ಬಾಗಿನ ಆಂಪ್ಲಾಟ್ಜ್ ಕ್ಯಾಥೆಟರ್ ಬೇಕಾಯಿತು, ಗ್ರಾಫ್ಟ್ ಚೆನ್ನಾಗಿತ್ತು. ಪಿಡಿಎಗೆ ಹೋಗುವ ಗ್ರಾಫ್ಟಿನ ನಡುವೆ ಶೇ. 90ರಷ್ಟು ಅಡಚಣೆ ಕಾಣಿಸಿತು. ಹೃದಯದ ಸ್ವಂತ ಬಲ ಕೊರೊನರಿ ಅಪಧಮನಿ ಬಹಳ ಹಿಂದೆಯೇ ಮುಚ್ಚಿತ್ತು. ನೋಟ್‌ನಲ್ಲಿದ್ದ ಮೂರೂ ಗ್ರಾಫ್ಟುಗಳು ಸಿಕ್ಕಿದ್ದರಿಂದ ಮಹಾಪಧಮನಿಯೊಳಗೆ ಹೆಚ್ಚುವರಿಯಾಗಿ ಡೈ ಬಿಟ್ಟು ನೋಡುವ ಅಗತ್ಯ ಬೀಳಲಿಲ್ಲ. ಒಟ್ಟು ಡೈ 92 ಮಿಲಿ. ಇಜಿಎಫ್‌ಆರ್‌ನ ಮೂರು ಪಟ್ಟು, ಅಂದರೆ 120 ಮಿಲಿ ದಾಟಬಾರದೆಂದು ಮೊದಲೇ ಬಿಳಿಹಲಗೆಯ ಮೇಲೆ ಬರೆದಿಟ್ಟಿದ್ದೆವು.

ಅಡಚಣೆ ಸಿಕ್ಕಿದ ಕೂಡಲೇ ಸ್ಟೆಂಟ್ ಹಾಕಿ ಮುಗಿಸುವ ಆಸೆ ಎಲ್ಲರಿಗೂ ಇತ್ತು, ಮನೆಯವರಿಗೂ ಇತ್ತು. ಆದರೆ ಉಳಿದಿದ್ದದ್ದು 28 ಮಿಲಿ. ಮೂತ್ರಪಿಂಡಕ್ಕೆ ಬಿಡುವು ಕೊಡಲೆಂದು ಐದು ದಿನ ಮುಂದೂಡಿ, ಅಸಿನೊಕೌಮರಾಲ್ ನಿಲ್ಲಿಸಿ, ಸಲೈನನ್ನು ನಿಧಾನವಾಗಿ ಹರಿಸಿದೆವು. ಕ್ರಿಯಾಟಿನಿನ್ 1.9ರ ಮೇಲೆ ಹೋಗಲಿಲ್ಲ.

ಐದನೆಯ ದಿನ ದಾರಿಯ ಪ್ರಶ್ನೆ ಮತ್ತೆ ಎದ್ದಿತು, ಮತ್ತು ಉತ್ತರ ಬೇರೆಯಾಯಿತು. ಎಡಗೈಯ ಕುಳಿ ವಾಸಿಯಾಗಿತ್ತು, ನಾಡಿ ಇತ್ತು. ಹಾಗಿದ್ದರೂ ನಾವು ಎಡ ತೊಡೆಸಂದಿಗೆ ಹೋದೆವು. ಹಳೆಯ ವೇನ್ ಗ್ರಾಫ್ಟಿನ ಒಳಗೆ ಸಡಿಲವಾದ ಕೊಬ್ಬಿನ ಕಸ ತುಂಬಿರುತ್ತದೆ. ಸ್ಟೆಂಟ್ ಬಿಚ್ಚಿದಾಗ ಅದು ಹೃದಯದ ಸ್ನಾಯುವಿನ ಸಣ್ಣ ನಾಳಗಳಿಗೆ ಕೊಚ್ಚಿಹೋಗದಂತೆ ಮುಂದೆ ಒಂದು ಜಾಲರಿ ಇಡಬೇಕು. ಅದಕ್ಕೆ 6 ಫ್ರೆಂಚ್ ದಾರಿ ಮತ್ತು ಅಲುಗಾಡದ ಕ್ಯಾಥೆಟರ್ ಬೇಕು. 6 ಫ್ರೆಂಚ್ ಷೀತಿನ ಹೊರ ಅಗಲ 2.3 ಮಿಲಿಮೀಟರಿಗಿಂತ ಹೆಚ್ಚು. ಉಳಿಸಲೆಂದು ಅಷ್ಟು ಲೆಕ್ಕ ಹಾಕಿದ ಅಪಧಮನಿಯನ್ನೇ ಹಿಗ್ಗಿಸಿ ಹರಿಯುವುದು ಯಾವ ನ್ಯಾಯ? ಐಎನ್‌ಆರ್ ಈಗ 1.5ಕ್ಕೆ ಇಳಿದಿತ್ತು. ಐದು ದಿನ ಹಿಂದೆ ತೊಡೆಸಂದಿನ ವಿರುದ್ಧ ಇದ್ದ ಮುಖ್ಯ ಆಕ್ಷೇಪವೇ ಹೋಗಿತ್ತು. ಲ್ಯಾಬಿನ ಹಿರಿಯರೊಬ್ಬರು ಇದನ್ನು ಒಪ್ಪಲಿಲ್ಲ. ತೆಳುಗೋಡೆಯ ಷೀತ್ ಬಳಸಿ ಎಡಗೈಯಿಂದಲೇ ಮಾಡಬಹುದಿತ್ತೆಂದು ಅವರ ವಾದ. ಅವರ ಕೈಯಲ್ಲಿ ಅದು ಬಹುಶಃ ಸರಾಗವಾಗಿಯೇ ಆಗುತ್ತಿತ್ತು. ಆದರೆ ದಾರಿಯ ಆಯ್ಕೆಯಲ್ಲಿ ಕೆಲಸ ಮಾಡುವವರ ಕೈಯೂ ಒಂದು ಲೆಕ್ಕ; ಆ ದಿನ ಕೆಲಸ ಮಾಡಬೇಕಿದ್ದ ನನಗೆ ವೇನ್ ಗ್ರಾಫ್ಟಿನ ಸ್ಟೆಂಟಿಂಗ್ ತೊಡೆಸಂದಿನಿಂದ ಹೆಚ್ಚು ರೂಢಿ.

ಅಲ್ಟ್ರಾಸೌಂಡಿನಲ್ಲಿ ಅಪಧಮನಿ ಕವಲೊಡೆಯುವ ಜಾಗವನ್ನು ಗುರುತಿಸಿ, ಅದರ ಮೇಲೆ, ತೊಡೆಮೂಳೆಯ ತಲೆಯ ಮಟ್ಟದಲ್ಲಿ, ಮುಂಗೋಡೆಗೆ ಸಣ್ಣ ಸೂಜಿಯಿಂದ ತೂತು ಮಾಡಲಾಯಿತು. ಮೂಳೆ ಕೆಳಗಿದ್ದರೆ ಆಮೇಲೆ ಅದಮಿ ರಕ್ತ ನಿಲ್ಲಿಸಲು ಆಧಾರ ಸಿಗುತ್ತದೆ. ಜಾಲರಿ ಇಟ್ಟು ಒಂದು ಸ್ಟೆಂಟ್ ಹಾಕಿದೆವು, ಡೈ 70 ಮಿಲಿ. ಹೆಪಾರಿನ್‌ನ ಪ್ರಭಾವ ಇಳಿದ ಮೇಲೆ ಷೀತ್ ತೆಗೆದು ಕೈಯಲ್ಲೇ ಇಪ್ಪತ್ತು ನಿಮಿಷ ಅದಮಿ ಹಿಡಿಯಲಾಯಿತು. ಆರು ಗಂಟೆ ಕಾಲು ಮಡಚದೆ ಮಲಗಬೇಕೆಂದಾಗ ರೋಗಿ ಗೊಣಗಿದರು: ‘ಮೊನ್ನೆ ಕೈಯಲ್ಲಿ ಮಾಡಿದಾಗ ಕೂತ್ಕೊಂಡು ಕಾಫಿ ಕುಡ್ದಿದ್ದೆ.’

ಮನೆಗೆ ಹೊರಡುವ ದಿನ ತೊಡೆಸಂದಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ನೀಲಿ ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ತಿಂಗಳ ನಂತರ ಅಲ್ಟ್ರಾಸೌಂಡಿನಲ್ಲಿ ಎಡ ಮುಂಗೈಯ ರೇಡಿಯಲ್ ತೆರೆದಿತ್ತು. ಡಿಸ್ಚಾರ್ಜ್ ಕಾರ್ಡಿನ ಮೊದಲ ಪುಟದಲ್ಲೇ ನಾಲ್ಕು ಸಾಲು ಬರೆಸಿದೆವು: ಮೂರು ಗ್ರಾಫ್ಟುಗಳು ಎಲ್ಲಿಂದ ಎಲ್ಲಿಗೆ, ಬಲ ರೇಡಿಯಲ್ ಮುಚ್ಚಿದೆ, ಎಡ ಮುಂಗೈಗೆ ಸೂಜಿ ಬೇಡ, ಎಡ ತೊಡೆಸಂದು ಬಳಸಲಾಗಿದೆ. ಹಳೆಯ ಆಪರೇಷನ್ ನೋಟ್‌ನ ಪ್ರತಿಯನ್ನು ಅದಕ್ಕೇ ಪಿನ್ ಮಾಡಲಾಯಿತು. ಮಗ ಎರಡನ್ನೂ ಫೋನಿನಲ್ಲಿ ಫೋಟೊ ತೆಗೆದು, ಬೆಂಗಳೂರಿನಲ್ಲಿರುವ ತಂಗಿಗೂ ಕಳಿಸಿದರು.